ಓದುಗರ ಸ್ಪಂದನ: ದಸರಾ ರಜೆ ಮುಗಿದ ಮೇಲೆ ಮಗನನ್ನು ಮತ್ತೆ ಹಾಸ್ಟೆಲ್‌ಗೆ ಕಳಿಸಬೇಕೇ?

ನಾಗರಬಾವಿಯ ತಾಯಿಯೊಬ್ಬರು ಹೋದ ಸಂಚಿಕೆಯಲ್ಲಿ ತಮ್ಮ ಸಂಕಟ ಹೇಳಿಕೊಂಡಿದ್ದರು. ಅವರ ಮಗನಿಗೆ ಹನ್ನೊಂದು ವರ್ಷ. ಜೂನ್‌ನಲ್ಲಿ ಕನಕಪುರ ರಸ್ತೆ ಕಡೆಯ ಗಂಡುಮಕ್ಕಳ ವಸತಿ ಶಾಲೆಗೆ ಆರನೇ ತರಗತಿಗೆ ಸೇರಿಸಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ಭಾನುವಾರ ಹತ್ತು ನಿಮಿಷ ಫೋನಿನಲ್ಲಿ ಮಾತಾಡಲು ಬಿಡುತ್ತಾರೆ. ಅಷ್ಟೂ ಹೊತ್ತು ಮಗನದ್ದು ಒಂದೇ ಮಾತು: 'ಅಮ್ಮಾ, ಬಂದು ಕರ್ಕೊಂಡು ಹೋಗು.' ಗಂಡ 'ಒಂದು ವರ್ಷ ತಡ್ಕೊಳ್ಳಲಿ, ಗಟ್ಟಿಯಾಗ್ತಾನೆ' ಅನ್ನುತ್ತಾರೆ. ಅತ್ತೆ 'ಹೆತ್ತ ಮಗೂನ ದೂರ ತಳ್ಳಿಬಿಟ್ರಿ' ಅನ್ನುತ್ತಾರೆ. ದಸರಾ ರಜೆಗೆ ಬಂದವನನ್ನು ಮತ್ತೆ ಕಳಿಸುವುದೋ, ಮನೆಯಲ್ಲೇ ಉಳಿಸಿಕೊಳ್ಳುವುದೋ ಅನ್ನುವುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಯಾವ ಹೊತ್ತಿಗೆ ಅಳು ಬರುತ್ತದೆ ಕೇಳಿ

ತಾಯಿ, ನಾನು ಹಾಸ್ಟೆಲ್ ವಾರ್ಡನ್ ಆಗಿದ್ದು ನಿವೃತ್ತನಾದವನು. ಭಾನುವಾರದ ಫೋನಿನ ಸಾಲನ್ನು ಸಾಕಷ್ಟು ನೋಡಿದ್ದೇನೆ. ಅಲ್ಲೇ ಅಂಗಳದಲ್ಲಿ ಔಟೋ ನಾಟೌಟೋ ಅಂತ ಜಗಳ ಆಡುತ್ತಿದ್ದ ಹುಡುಗ, ಫೋನ್ ಕಿವಿಗಿಟ್ಟು ಅಮ್ಮನ ದನಿ ಕೇಳಿದ ಕೂಡಲೇ ಬಿಕ್ಕುತ್ತಾನೆ. ಅದು ನಾಟಕ ಅಲ್ಲ. ಹಾಗಂತ ವಾರವಿಡೀ ಅಳುತ್ತಾನೆ ಅಂತಲೂ ಅಲ್ಲ. ಆದ್ದರಿಂದ ಆ ಹತ್ತು ನಿಮಿಷ ನಂಬಿಕೊಂಡು ಕರೆತರಲೂ ಬೇಡಿ, ಕಳಿಸಲೂ ಬೇಡಿ. ಅವನ ದಿನ ಹೇಗೆ ಕಳೆಯುತ್ತದೆ ಅಂತ ಗಂಟೆ ಗಂಟೆಯ ಲೆಕ್ಕದಲ್ಲಿ ತಿಳಿದುಕೊಳ್ಳಿ.

ಹೆಚ್ಚುಕಮ್ಮಿ ಎಲ್ಲಾ ಕಡೆ ದಿನಚರಿ ಒಂದೇ ಥರ ಇರುತ್ತದೆ. ಬೆಳಿಗ್ಗೆ ಐದೂವರೆಗೆ ಬೆಲ್. ಮುಖ ತೊಳೆದು ಪಿಟಿಗೆ ಓಡಬೇಕು. ಆಮೇಲೆ ಸ್ನಾನ, ಸ್ವಲ್ಪ ಹೊತ್ತು ಓದು, ತಿಂಡಿ, ಅಸೆಂಬ್ಲಿ, ತರಗತಿ. ಮಧ್ಯಾಹ್ನ ಊಟ, ಮತ್ತೆ ತರಗತಿ. ನಾಲ್ಕಕ್ಕೆ ಆಟ. ಆರಕ್ಕೆ ಕೈಕಾಲು ತೊಳೆದು ಪ್ರಾರ್ಥನೆ, ನಂತರ ಸ್ಟಡಿ ಅವರ್, ಊಟ, ಒಂಬತ್ತೂವರೆಗೆ ಲೈಟ್ ಆಫ್. ಆಟದ ಹೊತ್ತಿನಲ್ಲಿ ಯಾರೂ ಮನೆ ನೆನೆಸಿಕೊಂಡು ಕೂರುವುದಿಲ್ಲ. ಹೊಸ ಹುಡುಗರಿಗೆ ಕಷ್ಟ ಆಗುವುದು ಎರಡೇ ಹೊತ್ತು. ಒಂದು, ಆಟ ಮುಗಿದು ಪ್ರಾರ್ಥನೆಗೆ ಬೆಲ್ ಆಗುವ ಮುಂಚಿನ ಅರ್ಧ ಗಂಟೆ. ಕೈಯಲ್ಲಿ ಕೆಲಸ ಇರಲ್ಲ, ಕತ್ತಲಾಗುತ್ತಾ ಬರುತ್ತದೆ. ಇನ್ನೊಂದು, ಲೈಟ್ ಆಫ್ ಆದ ಮೇಲೆ. ನಿಮ್ಮ ಮಗ ಈ ಎರಡು ಹೊತ್ತಿನಲ್ಲಿ ಮಾತ್ರ ಅಳುತ್ತಿದ್ದರೆ ಅದು ಮನೆಯ ನೆನಪು. ಕಾಲ ಕಳೆದಂತೆ ಕಮ್ಮಿಯಾಗುತ್ತದೆ. ಆಟಕ್ಕೇ ಇಳಿಯುತ್ತಿಲ್ಲ, ತಟ್ಟೆಯಲ್ಲಿ ಅನ್ನ ಹಾಗೇ ಬಿಡುತ್ತಾನೆ, ತರಗತಿಯಲ್ಲಿ ತೂಕಡಿಸುತ್ತಾನೆ ಅಂತಾದರೆ ವಿಷಯ ಬೇರೆ.

ಇದನ್ನು ಅವನನ್ನು ಕೇಳಿದರೆ ಗೊತ್ತಾಗಲ್ಲ. ವಾರ್ಡನ್‌ಗೆ ಫೋನ್ ಮಾಡಿ. 'ಮಗ ಹೇಗಿದ್ದಾನೆ' ಅಂತ ಕೇಳಿದರೆ 'ಚೆನ್ನಾಗಿದ್ದಾನೆ ಮೇಡಂ' ಅನ್ನುತ್ತಾರೆ. ನಾನೂ ಎಲ್ಲರಿಗೂ ಅದೇ ಹೇಳುತ್ತಿದ್ದೆ, ಮುನ್ನೂರು ಮಕ್ಕಳ ಅಪ್ಪ ಅಮ್ಮಂದಿರಿಗೆ ಇನ್ನೇನು ಹೇಳೋದು? ಬೇರೆ ಥರ ಕೇಳಿ. ಮೆಸ್‌ನಲ್ಲಿ ಯಾರ ಪಕ್ಕ ಕೂರುತ್ತಾನೆ? ಸಂಜೆ ಯಾವ ಆಟ ಆಡುತ್ತಾನೆ? ರಾತ್ರಿ ಎದ್ದು ಕೂತಿದ್ದನ್ನು ಯಾರಾದರೂ ನೋಡಿದ್ದಾರಾ? ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳುತ್ತಾರೆ. ಆ ವಿಚಾರಣೆಯಿಂದಲೇ ಹುಡುಗನ ಮೇಲೆ ಒಂದು ಕಣ್ಣು ಬೀಳುತ್ತದೆ.

ರಜೆಯಲ್ಲಿ ಒಂದು ಎಚ್ಚರಿಕೆ. 'ಮತ್ತೆ ಹೋಗ್ತೀಯಾ' ಅನ್ನೋ ಪ್ರಶ್ನೆಯನ್ನು ಟ್ರಂಕ್ ತುಂಬುವ ದಿನ ಕೇಳಬೇಡಿ. ಅವತ್ತು ಯಾವ ಮಗುವೂ ಹೂಂ ಅನ್ನಲ್ಲ.
– ನಿವೃತ್ತ ವಾರ್ಡನ್, ಬಸವನಗುಡಿ

ಬಕೆಟ್ ಜಗಳ ಸಣ್ಣದಲ್ಲ

ಅಕ್ಕಾ, ನಾನು ಐದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಹಾಸ್ಟೆಲ್‌ನಲ್ಲೇ ಇದ್ದವನು. ದೊಡ್ಡವರು ತಿಳಿದುಕೊಳ್ಳೋದು, ಮಕ್ಕಳು ಅಮ್ಮನ ನೆನಪಿಗೆ ಅಳುತ್ತವೆ ಅಂತ. ಎಷ್ಟೋ ಸಲ ಕಾರಣ ಬಿಸಿನೀರು.

ಬಾಯ್ಲರ್ ಮುಂದೆ ಸಾಲು ಇರುತ್ತೆ. ಹುಡುಗರ ಸಾಲಲ್ಲ, ಬಕೆಟ್‌ಗಳ ಸಾಲು. ಚಿಕ್ಕವನು ಬೆಲ್‌ಗೂ ಮುಂಚೆ ಎದ್ದು ಬಕೆಟ್ ಇಟ್ಟು ಬಂದಿರುತ್ತಾನೆ. ಒಂಬತ್ತನೇ ಕ್ಲಾಸಿನವನು ಬಂದು ತನ್ನದನ್ನು ಮುಂದಿಟ್ಟು, ಇವನದನ್ನು ಕಾಲಲ್ಲಿ ಸರಕ್ಕನೆ ಹಿಂದಕ್ಕೆ ತಳ್ಳುತ್ತಾನೆ. ಸರದಿ ಬರುವಷ್ಟರಲ್ಲಿ ನಲ್ಲಿಯಲ್ಲಿ ತಣ್ಣೀರು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಅದರ ರುಚಿ ಗೊತ್ತಿದ್ದವರಿಗೇ ಗೊತ್ತು. ಇನ್ನು ಕಾಲುಚೀಲ. ಒಂದು ಕಳೆದರೆ ಅಸೆಂಬ್ಲಿಯಲ್ಲಿ ಹೊರಗೆ ನಿಲ್ಲಿಸುತ್ತಾರೆ. ಇದನ್ನೆಲ್ಲ ಫೋನಿನಲ್ಲಿ, ಹಿಂದೆ ಹತ್ತು ಜನ ನಿಂತು ಕೇಳಿಸಿಕೊಳ್ಳುತ್ತಿರುವಾಗ ಹೇಳೋಕಾಗುತ್ತಾ? 'ಕರ್ಕೊಂಡು ಹೋಗು' ಅಂದುಬಿಡೋದೇ ಸುಲಭ.

ರಜೆಗೆ ಬಂದಾಗ ಅವನ ಟ್ರಂಕ್ ತೆಗೆದು ಏನೇನು ಇಲ್ಲ ನೋಡಿ. ಇಲ್ಲದ ವಸ್ತುಗಳೇ ಅರ್ಧ ಕಥೆ ಹೇಳುತ್ತವೆ. ಕಾಲುಚೀಲ, ಚಡ್ಡಿ, ಟವೆಲ್ ಜಾಸ್ತಿಯೇ ಇಟ್ಟು ಕಳಿಸಿ. ಬಟ್ಟೆ ಮೇಲಿನ ನಂಬರನ್ನು ಇಂಕಿನಲ್ಲಿ ಬರೆಯಬೇಡಿ, ದಾರದಲ್ಲಿ ಹೊಲಿಯಿರಿ. ಧೋಬಿ ಒಗೆತಕ್ಕೆ ಇಂಕ್ ಹೋಗಿ ನಿಮ್ಮ ಮಗನ ಅಂಗಿ ಇನ್ನೊಬ್ಬನದಾಗುತ್ತೆ. ಟ್ರಂಕಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳೋದು ಅಭ್ಯಾಸ ಮಾಡಿಸಿ. ಚಕ್ಕುಲಿ, ಕೋಡುಬಳೆ ಕಳಿಸಿದರೆ ಮೊದಲ ರಾತ್ರಿಯೇ ಡಾರ್ಮಿಟರಿ ಪೂರ್ತಿ ಹಂಚಿಹೋಗುತ್ತೆ, ಅದಕ್ಕೆ ಬೇಜಾರು ಬೇಡ. ಆದರೆ ಚಟ್ನಿಪುಡಿ ಡಬ್ಬಿ ಮರೆಯಬೇಡಿ. ಮೆಸ್‌ನ ಸಪ್ಪೆ ಸಾರಿನ ಮುಂದೆ ಚಟ್ನಿಪುಡಿ ಇರುವವನ ಪಕ್ಕ ಕೂರೋಕೆ ಪೈಪೋಟಿ ನಡೆಯುತ್ತೆ. ಗೆಳೆಯರು ಸಿಗೋದು ಹೀಗೇ.

ಇನ್ನೊಂದು, ಪೋಸ್ಟ್ ಕಾರ್ಡ್. ಈಗಲೂ ಐವತ್ತು ಪೈಸೆಗೆ ಸಿಗುತ್ತೆ. ವಾರದ ಮಧ್ಯೆ ಒಂದು ಹಾಕಿ. ಮನೆ ಮುಂದಿನ ನಾಯಿ ಮರಿ ಹಾಕಿದ್ದು, ಪಕ್ಕದ ಮನೆಯವರ ಸ್ಕೂಟರ್ ಕೆಟ್ಟಿದ್ದು, ಅಂಥದ್ದೇ ಬರೆಯಿರಿ. ಹೆಸರು ಕರೆದು ಕಾಗದ ಕೊಡುವಾಗ ಅವನ ಹೆಸರೂ ಬರಬೇಕು, ಅಷ್ಟೇ.
– ಹಳೆಯ ಹಾಸ್ಟೆಲ್ ಹುಡುಗ, ವೈಟ್‌ಫೀಲ್ಡ್

ಮೊದಲು ಮೈ ನೋಡಿ

ಮಗು ಮನೆಗೆ ಬಂದ ದಿನವೇ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆ ಸಂದಿ ನೋಡಿ. ಸಣ್ಣ ಗುಳ್ಳೆ, ಕೆರೆದ ಗಾಯ ಇದ್ದರೆ ಕಜ್ಜಿ ಇರಬಹುದು. ಹಾಸಿಗೆ ಹಾಸಿಗೆ ಒತ್ತಿಕೊಂಡಿರುವ ಕಡೆ ಇದು ಮಾಮೂಲು. ಬರಿಗಣ್ಣಿಗೆ ಕಾಣದ ಹುಳ ಚರ್ಮದೊಳಗೆ ಸೇರಿಕೊಳ್ಳುತ್ತದೆ. ರಾತ್ರಿ ತುರಿಕೆ ಜಾಸ್ತಿ, ಹಾಗಾಗಿ ನಿದ್ದೆ ಇಲ್ಲ. ನಿದ್ದೆ ಇಲ್ಲದ ಹುಡುಗ ಭಾನುವಾರ ಅಳದೆ ಇನ್ನೇನು ಮಾಡುತ್ತಾನೆ? ವೈದ್ಯರು ಸಾಮಾನ್ಯವಾಗಿ ಪರ್ಮೆಥ್ರಿನ್ ಮುಲಾಮು ಕೊಡುತ್ತಾರೆ. ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಿಸಬೇಕು, ವಾರ ಬಿಟ್ಟು ಇನ್ನೊಂದು ಸಲ. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಮನೆಯವರೆಲ್ಲರಿಗೂ ಒಟ್ಟಿಗೇ ಹಚ್ಚಬೇಕು. ಶಾಲೆಗೂ ತಿಳಿಸಿ. ಇವನೊಬ್ಬನಿಗೆ ವಾಸಿಯಾಗಿ ಪಕ್ಕದವನಿಗೆ ಉಳಿದರೆ ಮತ್ತೆ ಬರುತ್ತದೆ.

ಇನ್ನೆರಡು ವಿಷಯ ಮೆಲ್ಲಗೆ, ಬೇರೆ ಯಾರೂ ಇಲ್ಲದಾಗ ಕೇಳಿ. ಹಾಸಿಗೆ ಒದ್ದೆಯಾಗುತ್ತಿದೆಯಾ? ಹನ್ನೊಂದರ ವಯಸ್ಸಿನಲ್ಲೂ ಕೆಲವು ಮಕ್ಕಳಿಗೆ ಆಗುತ್ತದೆ, ಹೊಸ ಜಾಗದ ಆತಂಕದಲ್ಲಿ ನಿಂತಿದ್ದು ಮತ್ತೆ ಶುರುವಾಗುವುದೂ ಉಂಟು. ಡಾರ್ಮಿಟರಿಯಲ್ಲಿ ಅದು ಬಯಲಾದರೆ ಅವನ ಗತಿ ಏನು ಯೋಚಿಸಿ. ಮತ್ತೆ, ಬೆಳಿಗ್ಗೆ ಕಕ್ಕಸಿಗೆ ಸರಿಯಾಗಿ ಹೋಗುತ್ತಾನಾ? ಬಾಗಿಲ ಹೊರಗೆ ನಿಂತು ಬೇಗ ಬಾರೋ ಅಂತ ಬಡಿಯುವವರಿದ್ದರೆ ಎಷ್ಟೋ ಮಕ್ಕಳು ತಡೆದುಕೊಂಡು ಹೊಟ್ಟೆನೋವು ತಂದುಕೊಳ್ಳುತ್ತವೆ.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಒಂಬತ್ತೂವರೆಗೆ ಮಲಗಿ ಐದೂವರೆಗೆ ಎದ್ದರೆ ಎಂಟೇ ಗಂಟೆ. ಚಿಕ್ಕ ತರಗತಿಯವರನ್ನು ಬೇಗ ಮಲಗಿಸಿ ಅಂತ ಪೋಷಕರ ಸಭೆಯಲ್ಲಿ ಕೇಳಿ. ನೀವೊಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ.
– ಮಕ್ಕಳ ವೈದ್ಯೆ, ರಾಜಾಜಿನಗರ

ಒಂದು ವಿಷಯಕ್ಕೆ ದಸರಾವರೆಗೆ ಕಾಯಬೇಡಿ

ಒಬ್ಬ ವ್ಯಕ್ತಿಯ ಹೆಸರು ಬಂದಾಗ ಮಾತು ನಿಲ್ಲಿಸುತ್ತಾನಾ? ಒಂದು ಕೋಣೆಗೆ ಹೋಗಲು ಹೆದರುತ್ತಾನಾ? ಹಾಗಿದ್ದರೆ ಇವತ್ತೇ ಹೊರಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೋ ಕಾಯ್ದೆ ಇದೆ, ಅದು ಗಂಡುಮಕ್ಕಳಿಗೂ ಅಷ್ಟೇ ಅನ್ವಯ. ಗೊತ್ತಿದ್ದೂ ದೂರು ಕೊಡದಿರುವುದು ಆ ಕಾಯ್ದೆ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. 'ಹುಡುಗರ ಹಾಸ್ಟೆಲ್ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ' ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.
– ವಕೀಲೆ, ಮಲ್ಲೇಶ್ವರ

ಕರ್ಕೊಂಡು ಬನ್ನಿ

ಏನಮ್ಮಾ, ಮಗು ಬಾಯಿಬಿಟ್ಟು ಕೇಳ್ತಿದೆ, ಇನ್ನೇನು ಬೇಕು? ನಮ್ಮ ಕಾಲದಲ್ಲಿ ಚಾಮರಾಜಪೇಟೆಯ ನಮ್ಮ ಮನೆಗೆ ಹಳ್ಳಿಯಿಂದ ಓದೋಕೆ ಬಂದ ಹುಡುಗ ವಾರಾನ್ನಕ್ಕೆ ಬರ್ತಿದ್ದ. ಗುರುವಾರ ನಮ್ಮನೆ, ಶುಕ್ರವಾರ ಇನ್ನೊಬ್ಬರ ಮನೆ. ಯಾರಾದರೂ ಊರಿಗೆ ಹೋಗಿದ್ದರೆ ಅವತ್ತು ಉಪವಾಸ. ಹಾಗೆ ಓದಿದವರು ದೊಡ್ಡ ದೊಡ್ಡ ಕೆಲಸಕ್ಕೆ ಹೋದರು, ನಿಜ. ಈಗ ಎಲ್ಲರೂ ಅವರ ಉದಾಹರಣೆ ಕೊಡ್ತಾರೆ. ಆದರೆ ಅವರ ಊರಲ್ಲಿ ಹೈಸ್ಕೂಲೇ ಇರಲಿಲ್ಲ. ಗಟ್ಟಿಯಾಗಲಿ ಅಂತ ಯಾರೂ ಕಳಿಸಿದ್ದಲ್ಲ, ಗತಿ ಇಲ್ಲದೆ ಕಳಿಸಿದ್ದು. ನಿಮಗೆ ನಾಗರಬಾವಿಯಲ್ಲಿ ಶಾಲೆಗೆ ಬರವಾ? ಸಂಜೆ ನಾಲ್ಕರಿಂದ ಎಂಟರವರೆಗೆ ನೋಡಿಕೊಳ್ಳೋಕೆ ನಿಮ್ಮ ಅತ್ತೆ ಇದ್ದಾರೆ. ಸುಮ್ನೆ ಬೈಯೋದು ಬಿಟ್ಟು ಆ ನಾಲ್ಕು ಗಂಟೆ ವಹಿಸಿಕೊಳ್ಳಲಿ. ಆಗುತ್ತಾ ಇಲ್ವಾ ಅಂತ ಅವರನ್ನೇ ಕೇಳಿ.
– ಎಪ್ಪತ್ತು ದಾಟಿದ ಅಜ್ಜಿ, ಚಾಮರಾಜಪೇಟೆ

ತೀರ್ಮಾನಕ್ಕೂ ಒಂದು ಕಾಲ ಇದೆ

ಮೇಡಂ, ಆರನೇ ತರಗತಿಗೆ ಹಾಸ್ಟೆಲ್‌ಗೆ ಹಾಕಿದ್ದಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ. ನವೋದಯ, ಸೈನಿಕ ಶಾಲೆ, ಹೊಸೂರು ರಸ್ತೆಯಲ್ಲಿ 1946ರಿಂದ ಇರುವ ಮಿಲಿಟರಿ ಶಾಲೆ, ಎಲ್ಲಾ ಕಡೆ ಆರನೇ ತರಗತಿಯಿಂದಲೇ ಸೇರಿಸಿಕೊಳ್ಳುತ್ತಾರೆ. ಸೇಂಟ್ ಮಾರ್ಕ್ಸ್ ರಸ್ತೆಯ ಬಿಷಪ್ ಕಾಟನ್ ಶಾಲೆ ಶುರುವಾಗಿದ್ದು 1865ರಲ್ಲಿ. ಕೊಡಗಿನ ಜನರಲ್ ತಿಮ್ಮಯ್ಯ ಅಲ್ಲಿ ಓದಿ ಮುಂದೆ ಭೂಸೇನೆಯ ಮುಖ್ಯಸ್ಥರಾದರು. ನಿಮ್ಮ ಯಜಮಾನರು ಈ ಉದಾಹರಣೆ ಆಗಲೇ ಕೊಟ್ಟಿರಬೇಕು, ನಾನೂ ಮನೆಯಲ್ಲಿ ಕೊಟ್ಟವನೇ! ಆದರೆ ಎಲ್ಲಾ ಹುಡುಗರೂ ತಿಮ್ಮಯ್ಯನವರಾಗಬೇಕು ಅಂತೇನಿಲ್ಲವಲ್ಲ.

ನಾನು ಹೇಳೋದು ವ್ಯವಹಾರದ ಮಾತು. ಅಕ್ಟೋಬರ್‌ನಲ್ಲಿ ಬಿಡಿಸಿದರೆ ಟಿಸಿ ಬೇಕು, ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ದಾಖಲೆ ಹೊಸ ಶಾಲೆಗೆ ವರ್ಗ ಆಗಬೇಕು. ಸಿಲಬಸ್ ಬದಲಾದರೆ ಅರ್ಧ ವರ್ಷದ ಪಾಠ ಕಲಸುಮೇಲೋಗರ. ಕಟ್ಟಿದ ಫೀಸು ವಾಪಸ್ ಬರುತ್ತಾ ಅಂತ ಸೇರಿಸುವಾಗ ಸಹಿ ಹಾಕಿದ ಕಾಗದ ತೆಗೆದು ಓದಿ. ವೈದ್ಯೆಯೋ ವಕೀಲರೋ ಹೇಳುವಂಥ ಕಾರಣ ಇದ್ದರೆ ಇದ್ಯಾವುದನ್ನೂ ನೋಡದೆ ಕರೆತನ್ನಿ. ಇಲ್ಲದಿದ್ದರೆ ಏಪ್ರಿಲ್‌ವರೆಗೆ ಅಂತ ಒಂದು ಗಡಿ ಹಾಕಿ. ಅದನ್ನು ಅವನಿಗೂ ಹೇಳಿ: 'ಪರೀಕ್ಷೆ ಮುಗೀಲಿ, ಆಗಲೂ ಬೇಡ ಅನ್ನಿಸಿದರೆ ವಾಪಸ್ ಬಾ.' ನಮ್ಮವನಿಗೆ ಹೀಗೆ ಹೇಳಿದ ಮೇಲೆ ಅಳು ಕಮ್ಮಿಯಾಯಿತು. ಕೊನೆಗೆ ಅವನು ವಾಪಸ್ಸೇ ಬಂದ, ಅದು ಬೇರೆ. ಈಗ ಯಶವಂತಪುರದಿಂದ ಮೆಟ್ರೋದಲ್ಲಿ ಕಾಲೇಜಿಗೆ ಹೋಗಿಬರುತ್ತಾನೆ. ಹಾಸಿಗೆ ಮಾತ್ರ ಇವತ್ತಿಗೂ ತಾನೇ ಮಡಚುತ್ತಾನೆ.
– ಒಬ್ಬ ತಂದೆ, ಯಶವಂತಪುರ

ಆಂಟಿ, ಸ್ವಲ್ಪ ನನ್ನ ಮಾತೂ ಕೇಳಿ

ನಾನು ಒಂಬತ್ತನೇ ಕ್ಲಾಸ್, ಹಾಸ್ಟೆಲ್‌ನಲ್ಲೇ ಇದ್ದೀನಿ. ರಜೆಗೆ ಬಂದಾಗ ಅಮ್ಮ ನಿಮ್ಮ ಪತ್ರ ತೋರಿಸಿದರು. ಫೋನಲ್ಲಿ 'ಅಜ್ಜಿ ನಿನ್ನ ನೆನೆಸ್ಕೊಂಡು ಅಳ್ತಾರೆ' ಅಂತ ಹೇಳ್ಬೇಡಿ. ಆಮೇಲೆ ಫೋನ್ ಕಟ್ ಆಗುತ್ತೆ, ನಾವು ಆ ಮಾತು ಇಟ್ಕೊಂಡು ರಾತ್ರಿ ಪೂರ್ತಿ ಇರ್ಬೇಕು. ಮ್ಯಾಚ್ ಸ್ಕೋರ್ ಹೇಳಿ ಸಾಕು, ನಮಗೆ ಪೇಪರ್ ಸಿಗೋದು ಲೇಟು. ಫುಟ್‌ಬಾಲೋ ಕಬಡ್ಡಿಯೋ ಯಾವುದಾದರೂ ಟೀಮ್‌ಗೆ ಹೆಸರು ಕೊಡೋಕೆ ಹೇಳಿ, ಟೀಮ್‌ನಲ್ಲಿ ಇರೋರ ಬಕೆಟ್ ಯಾರೂ ಮುಟ್ಟಲ್ಲ. ಮತ್ತೆ, ಪೇರೆಂಟ್ಸ್ ಬರೋ ಭಾನುವಾರ ಬರ್ತೀನಿ ಅಂದಿದ್ರೆ ಬಂದೇ ಬನ್ನಿ. ಟ್ರಾಫಿಕ್ ಅಂತ ಮಧ್ಯಾಹ್ನ ಮೂರಕ್ಕೆ ಬಂದರೆ ಔಟಿಂಗ್‌ಗೆ ಟೈಮೇ ಇರಲ್ಲ, ಐದಕ್ಕೆ ರೋಲ್ ಕಾಲ್. ಬೆಳಿಗ್ಗೆ ಏಳಕ್ಕೆ ಮನೆ ಬಿಡಿ, ಕನಕಪುರ ರಸ್ತೆ ಆಗ ಖಾಲಿ ಇರುತ್ತೆ.
– ಒಂಬತ್ತನೇ ತರಗತಿ ವಿದ್ಯಾರ್ಥಿ, ಬನಶಂಕರಿ