ಅಪ್‌ಡೇಟ್: ರೇಡಾರ್ ದೂರದ ದೋಷದ ಮೂಲ ಸಿಕ್ಕಿತು

ಕಕ್ಷೆಯಲ್ಲಿನ ವಸ್ತುಗಳ ದೂರವನ್ನು ನಮ್ಮ ರೇಡಾರ್ ಕೆಲವೊಮ್ಮೆ ಹೆಚ್ಚಾಗಿಯೂ ಕೆಲವೊಮ್ಮೆ ಕಡಿಮೆಯಾಗಿಯೂ ತೋರಿಸುತ್ತಿದೆ, ಕಾರಣವೇನು ಎಂದು ನಾನು ಕೇಳಿದ್ದೆ. ಲೇಸರ್ ಮಾಪನದಿಂದ ಕಕ್ಷೆ ನಿಖರವಾಗಿ ತಿಳಿದಿರುವ ಉಪಗ್ರಹದೊಂದಿಗೆ ಹೋಲಿಸಿ ನೋಡಿ ಎಂದು ಹಲವರು ಸೂಚಿಸಿದ್ದಿರಿ. ಅದರಂತೆ 1975ರಲ್ಲಿ ಹಾರಿಸಲಾದ ಸ್ಟಾರ್ಲೆಟ್ ಉಪಗ್ರಹವನ್ನು ಆರಿಸಿಕೊಂಡೆವು.

ವ್ಯತ್ಯಾಸಗಳ ನಕ್ಷೆ ಬರೆದಾಗ ಕಂಡದ್ದು ಇಷ್ಟು: ಉಪಗ್ರಹ ಹತ್ತಿರವಾಗುತ್ತಿರುವಾಗ ಅಳತೆ ಸುಮಾರು 42 ಮೀಟರ್ ಹೆಚ್ಚು, ದೂರ ಸರಿಯುವಾಗ 18 ಮೀಟರ್ ಕಡಿಮೆ, ಅತಿ ಸಮೀಪದ ಬಿಂದುವಿನಲ್ಲಿ 12 ಮೀಟರ್ ಹೆಚ್ಚು. ದಿಗಂತದ ಬಳಿ ದೂರವು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್‌ನಂತೆ ಬದಲಾಗುವುದರಿಂದ, ಸಮಯದ ಮುದ್ರೆಯಲ್ಲಿ (ಪ್ರತಿ ಅಳತೆಯೊಂದಿಗೆ ದಾಖಲಾಗುವ ಸಮಯ) 5 ಮಿಲಿಸೆಕೆಂಡ್ ತಡವಾದರೂ 30 ಮೀಟರ್ ತಪ್ಪಾಗುತ್ತದೆ ಮತ್ತು ಉಪಗ್ರಹ ಅತಿ ಸಮೀಪದ ಬಿಂದುವನ್ನು ದಾಟಿದಾಗ ಆ ತಪ್ಪು ಹೆಚ್ಚಿನಿಂದ ಕಡಿಮೆಗೆ ತಿರುಗುತ್ತದೆ. ಗಡಿಯಾರದ ಸಂಕೇತವನ್ನು ದಾಖಲಿಸುವ ತಂತ್ರಾಂಶದಲ್ಲಿ ಆ ವಿಳಂಬ ನಿಜಕ್ಕೂ ಇತ್ತು. ಅದನ್ನು ಸರಿಪಡಿಸಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಉಳಿದ 12 ಮೀಟರ್ ಕೇಬಲ್ ಮತ್ತು ಗ್ರಾಹಕದ ಸ್ಥಿರ ವಿಳಂಬವಾಗಿದ್ದು, ಅದನ್ನು ನೇರವಾಗಿ ಕಳೆದಿದ್ದೇವೆ.

ಪ್ರತಿಧ್ವನಿಯ ಬಲದ ಮಾಪನಾಂಕನಕ್ಕೆ (ತಿಳಿದಿರುವ ವಸ್ತುವಿನೊಂದಿಗೆ ಹೋಲಿಸಿ ಅಳತೆಯನ್ನು ಸರಿಹೊಂದಿಸಲು) 1965ರಲ್ಲಿ ಕಕ್ಷೆಗೆ ಸೇರಿದ ಎಲ್‌ಸಿಎಸ್-1 ಎಂಬ ಅಲ್ಯೂಮಿನಿಯಂ ಗೋಳವನ್ನು ಬಳಸುತ್ತಿದ್ದೇವೆ. ಅದರ ವ್ಯಾಸ ಸುಮಾರು 1.13 ಮೀಟರ್, ಗೋಳವು ಯಾವ ದಿಕ್ಕಿನಿಂದ ನೋಡಿದರೂ ಒಂದೇ ಆಗಿರುವುದರಿಂದ, ತರಂಗಾಂತರ ಸಾಕಷ್ಟು ಚಿಕ್ಕದಿದ್ದರೆ ಪ್ರತಿಫಲನ ಕ್ಷೇತ್ರವನ್ನು (ರೇಡಾರ್‌ಗೆ ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆ) ಒಂದು ಚದರ ಮೀಟರ್ ಎಂದು ನಂಬಬಹುದು. ಉರುಳುತ್ತಿರುವ ರಾಕೆಟ್ ಭಾಗಗಳಿಂದ ಇದು ಎಂದಿಗೂ ಸಾಧ್ಯವಿಲ್ಲ.

10 ಡಿಗ್ರಿಗಿಂತ ಕೆಳಗಿನ ಎತ್ತರದ ಕೋನದಲ್ಲಿ ವಾತಾವರಣದ ವಕ್ರೀಭವನದ ತಿದ್ದುಪಡಿ ಇನ್ನೂ ಬಾಕಿಯಿದೆ. ಅಲ್ಲಿಯವರೆಗೆ ಆ ಅಳತೆಗಳನ್ನು ಕಕ್ಷೆಯ ಲೆಕ್ಕಕ್ಕೆ ಸೇರಿಸುತ್ತಿಲ್ಲ.