ಬಾಗಿಲಿನ ಗ್ರೂವ್ ಡೊಂಕಾಗುತ್ತಿದೆ, ರೂಟರ್ ಗೈಡ್ ನಾವೇ ಮಾಡಿಕೊಳ್ಳಬಹುದಾ?

ಪ್ರಶ್ನೆ: ಮೇಸ್ತ್ರಿಗಳೇ, ಕಪಾಟಿಗೆ ಅಂತ 18 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ನಾಲ್ಕು ಬಾಗಿಲು ಕತ್ತರಿಸಿಟ್ಟಿದ್ದೇನೆ, ಅಗಲ 400. ಅಂಚಿನಿಂದ 60 ಎಂಎಂ ಒಳಗೆ ಸುತ್ತಲೂ ವಿ ಗ್ರೂವ್, ಅಂದರೆ ವಿ ಆಕಾರದ ಗೀರು ಬೇಕು. ನೇರ ಪಟ್ಟಿ ಕ್ಲಾಂಪ್ ಮಾಡಿ ಒಂದು ಚೂರಿನ ಮೇಲೆ ರೂಟರ್ (ತಿರುಗುವ ಬಿಟ್‌ನಿಂದ ಮರ ಕೊರೆಯುವ ಮೆಷಿನ್) ಓಡಿಸಿ ನೋಡಿದೆ, ಗೆರೆ ನಡುವೆ ಹೊಟ್ಟೆ ಬಿಟ್ಟಿದೆ. ಪಟ್ಟಿ ನೇರವಾಗಿಯೇ ಇದೆ. ಮೆಷಿನ್ ಗೆರೆ ತಪ್ಪದಂತೆ ಹಿಡಿಯುವ ಜಿಗ್ ಕೊಳ್ಳಲೇಬೇಕಾ?

ಉತ್ತರ: ಬೇಡ ಸರ್. ರೂಟರ್ ತಳ ದುಂಡಗಿದೆಯಾ? ಬಿಟ್ ತಳದ ನಟ್ಟನಡುವೆ ಇದೆ ಅಂತ ನಾವು ಅಂದುಕೊಳ್ಳುತ್ತೇವೆ, ಎಷ್ಟೋ ಮೆಷಿನ್‌ಗಳಲ್ಲಿ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ವೈರ್ ಅಡ್ಡ ಬಂತು ಅಂತ ನಡುವೆ ಮೆಷಿನ್ ಸ್ವಲ್ಪ ತಿರುಗಿಸಿದರೂ ಸಾಕು, ಗೆರೆ ಸರಿಯುತ್ತದೆ. ತಳದ ಮೇಲೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಡಿ, ಆ ಚುಕ್ಕೆಯೇ ಯಾವಾಗಲೂ ಪಟ್ಟಿಗೆ ತಾಗಿರಲಿ. ಇನ್ನೊಂದು, ಮುಂದಕ್ಕೆ ತಳ್ಳುವಾಗ ಪಟ್ಟಿ ನಿಮ್ಮ ಎಡಗಡೆ ಇರಬೇಕು. ಬಿಟ್ ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ಮೆಷಿನ್ ತಾನೇ ಎಡಕ್ಕೆ ಒರಗುತ್ತದೆ. ಪಟ್ಟಿ ಬಲಕ್ಕಿಟ್ಟರೆ ಅದು ಪಟ್ಟಿ ಬಿಟ್ಟು ಓಡಲು ನೋಡುತ್ತದೆ, ನೀವು ಒತ್ತಿ ಹಿಡಿದು ಹಿಡಿದು ಕೈ ಸೋಲುತ್ತದೆ. ನಿಮ್ಮ ಹೊಟ್ಟೆ ಬಂದಿದ್ದು ಅಲ್ಲೇ ಅಂತ ನನಗೆ ಗುಮಾನಿ.

ಪ್ರಶ್ನೆ: ಹೌದು, ಬಲಕ್ಕೇ ಇತ್ತು! ಈಗ ಸರಿ ಬಂತು. ಆದರೆ ಮೂಲೆಯಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತಿಲ್ಲ, ಎರಡು ಎಂಎಂ ದಾಟಿಬಿಡುತ್ತದೆ.

ಉತ್ತರ: ನಾಲ್ಕು ಬಾಗಿಲಿಗೆ ಪ್ರತಿ ಸಲ ಪಟ್ಟಿ ಅಳೆದು ಕಟ್ಟುತ್ತಾ ಕೂತರೆ ಒಂದು ಸಲವಾದರೂ ತಪ್ಪುತ್ತದೆ. ಚೌಕಟ್ಟು ಮಾಡಿಬಿಡಿ. ರೂಟರ್ ತಳಕ್ಕೆ ಹಾಕುವ ಗೈಡ್ ಬುಶ್ (ಬಿಟ್ ಸುತ್ತ ಕೂರುವ ಕೊಳವೆಯಂಥ ಉಂಗುರ) ಇದೆಯಾ ನೋಡಿ, ಅದರ ಹೊರ ಅಳತೆ 16 ಎಂಎಂ ಅಂತ ಇಟ್ಟುಕೊಳ್ಳಿ. ಅರ್ಧ 8, 60ರಲ್ಲಿ 8 ಕಳೆದರೆ 52. ಪ್ಲೈವುಡ್‌ನಲ್ಲಿ 52 ಎಂಎಂ ಅಗಲದ ನಾಲ್ಕು ಪಟ್ಟಿ ಸೀಳಿ, ಬಾಗಿಲಿನ ಅಳತೆಗೇ ಚೌಕಟ್ಟು ಅಂಟಿಸಿ. ನಿಮ್ಮ 400ರ ಬಾಗಿಲಿಗೆ ಒಳ ಅಗಲ 296 ಬರುತ್ತದೆ. ಹೊರ ಅಂಚಿಗೆ ಮೂರು ಕಡೆ ಸಣ್ಣ ಪಟ್ಟಿ ಕೆಳಗೆ ಇಳಿಬಿಟ್ಟು ಹೊಡೆದರೆ ಬಾಗಿಲಿನ ಮೇಲೆ ಟೋಪಿ ಥರ ಕೂರುತ್ತದೆ, ಅಳೆಯುವ ಕೆಲಸವೇ ಇಲ್ಲ. ಒಳಗಿಂದ ಗಡಿಯಾರದ ದಿಕ್ಕಿಗೆ ಓಡಿಸಿ, ಬುಶ್ ಮೂಲೆಗೆ ತಾಗಿದ ಕೂಡಲೇ ತಾನೇ ನಿಲ್ಲುತ್ತದೆ.

ಒಂದು ಎಚ್ಚರಿಕೆ. ರೂಟರ್ ತಳದ ಅರ್ಧ ಭಾಗ ಒಳಗೆ ಗಾಳಿಯಲ್ಲಿ ತೇಲುತ್ತಿರುತ್ತದೆ, ಸ್ವಲ್ಪ ವಾಲಿದರೂ ಗ್ರೂವ್ ಒಂದು ಕಡೆ ಆಳವಾಗುತ್ತದೆ. ನಾನೂ ಒಂದು ಬಾಗಿಲು ಹಾಗೇ ಕೆಡಿಸಿ ಪುಟ್ಟಿ ತುಂಬಿದ್ದೇನೆ. ನಡುವೆ ಅದೇ ದಪ್ಪದ ಪ್ಲೈ ಚೂರು ಡಬಲ್ ಟೇಪ್ ಹಾಕಿ ಅಂಟಿಸಿ, ಬುಶ್ ಓಡಾಡಲು ಸುತ್ತ ಜಾಗ ಬಿಟ್ಟು. ಚೌಕಟ್ಟಿನ ದಪ್ಪದಷ್ಟು ಬಿಟ್ ಜಾಸ್ತಿ ಇಳಿಸಬೇಕು, ಅದನ್ನು ಮರೆತರೆ ಬರೀ ಗಾಳಿ ಕತ್ತರಿಸುತ್ತೀರಿ. ಚೌಕಟ್ಟು ಬುಶ್‌ಗಿಂತ ತೆಳುವಾಗಿದ್ದರೆ ಬುಶ್ ಬಾಗಿಲಿಗೇ ಉಜ್ಜುತ್ತದೆ, ನೋಡಿಕೊಳ್ಳಿ. ಮಾಸ್ಕ್ ಹಾಕಿ, ಎಂಡಿಎಫ್ ಪುಡಿ ಒಳ್ಳೆಯದಲ್ಲ.

ಇನ್ನೊಬ್ಬರು: ಹಿಂಜ್ ಕೂರುವ ದುಂಡು ಗುಂಡಿಗೂ ಹೀಗೇ ಚೌಕಟ್ಟು ಮಾಡಬಹುದಾ ಅಣ್ಣಾ?

ಉತ್ತರ: ಮಾಡಬಹುದು. 8 ಎಂಎಂ ಬಿಟ್, 16ರ ಬುಶ್ ಅಂದರೆ 35ರ ಗುಂಡಿಗೆ ಪ್ಲೈನಲ್ಲಿ 43ರ ತೂತು ಬೇಕು. ಆದರೆ ಆ 43 ಕೊರೆಯುವಷ್ಟರಲ್ಲಿ 35ರ ಫಾರ್ಸ್ಟ್ನರ್ ಬಿಟ್ (ತಳ ಸಮವಾದ ಗುಂಡಿ ಕೊರೆಯುವ ಬಿಟ್) ಹಾಕಿ ಡ್ರಿಲ್‌ನಲ್ಲೇ ನಾಲ್ಕು ಬಾಗಿಲೂ ಮುಗಿಯುತ್ತದೆ. ಆಳ 13 ದಾಟಿಸಬೇಡಿ. ಬಿಟ್ಟಿನ ನಡುವಿನ ಮೊನೆ ಅದಕ್ಕಿಂತಲೂ ಕೆಳಗೆ ಹೋಗುತ್ತದೆ, ಮುಂಭಾಗದಲ್ಲಿ ಉಬ್ಬಿದರೆ ಬಾಗಿಲೇ ಹೋಯಿತು.