ಹುಣಸಿ ಮರದ ಹತ್ರದ ಮೂರು ಗುಂಟೆ

(ಪುಣೆದಾಗಿನ ಒಂದು ಸೊಸೈಟಿ ಗುಂಪಿನ ಮಾತು. ಹೆಸರಿನ ಬದಲಿ ಮನಿ ನಂಬರ್ ಅದ.)

ಬಿ-204: ಇವತ್ತು ಮತ್ತ ಸ್ಕೂಲ್ ಬಸ್ ಹುಣಸಿ ಮರದ ಹತ್ರ ಸಿಕ್ಕೊಂತು. ಹಿಂದ ನೀರಿನ ಟ್ಯಾಂಕರ್. ಕ್ಲೀನರ್ ಹುಡುಗ ಇಳದು ಆ ಜಾಗಾದ ಮಾಲೀಕ ಆಜೋಬಾನ (ಮರಾಠಿ ಅಜ್ಜ) ತಗಡಿನ ಗೇಟ್ ಒಳಗ ದೂಡಿ ಹಿಡಕೊಂಡು ನಿಂತ, ಆಮ್ಯಾಲ ಬಸ್ ಪಾರಾತು. ಎರಡೂ ಕಡೆ ಅಗಲ ರಸ್ತಿ ಅದ, ನಡುವ ಆಜೋಬಾನ ಆ ಮೂರು ಗುಂಟೆ ಅಷ್ಟ ರಸ್ತಿಗೆ ಸಿಗದ ಉಳದದ. ಅರ್ಜಿ ಬರ್ಯೋಣೇನ್ರಿ?

ಎ-501: ಬರೀರಿ, ಸಹಿ ಮಾಡ್ತೀನಿ. ಒಂದು ಸಾಲು ಸೇರಸ್ರಿ: ಸರಕಾರ ಜಾಗಾ ತಗೋಳೂವಾಗ ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಅಂತ ಮಿತಿ ಹಾಕಬೇಕು. ನಮ್ಮ ಟ್ಯಾಕ್ಸಿನ ರೊಕ್ಕ ಅದು. ಆಜೋಬಾ ಬಾಯಿಗೆ ಬಂದ ರೇಟ್ ಹೇಳ್ಕೋತ ಕುಂತಾರ.

ಬಿ-107: ಲಿಫ್ಟ್ ಬಂದ್ ಅದೇನ್ರಿ?

ಸಿ-103: ಬಾಯಿಗೆ ಬಂದದ್ದು ಯಾರೂ ಕೊಡೂದಿಲ್ರಿ. 2013ರ ಭೂಸ್ವಾಧೀನ ಕಾಯ್ದೆದಾಗ ಲೆಕ್ಕ ಕೂಡ್ರಿಸಿ ಇಟ್ಟಾರ. ರೆಡಿ ರೆಕನರ್ ರೇಟ್, ಅಂದ್ರ ನೋಂದಣಿಗೆ ಸರಕಾರ ಕಟ್ಟಿದ ದರ, ಒಂದು. ಸುತ್ತಲಿನ ಹಿಂದಿನ ಮೂರು ವರ್ಷದ ಖರೀದಿಪತ್ರ ತಗದು, ಅದರಾಗ ಹೆಚ್ಚು ರೇಟಿನ ಅರ್ಧಾ ಪತ್ರಗಳ ಸರಾಸರಿ ಇನ್ನೊಂದು. ಯಾವುದು ಹೆಚ್ಚೋ ಅದನ್ನ ಹಿಡಿಬೇಕು. ಶಹರದಾಗ ಗುಣಾಕಾರ 1, ಹಳ್ಳಿ ಕಡೆ 2ರ ತನಕ. ಅದರ ಮ್ಯಾಲ ನೂರಕ್ಕ ನೂರು ಸೊಲೇಶಿಯಂ, ಅಂದ್ರ ಒತ್ತಾಯದಿಂದ ಜಾಗಾ ಬಿಡೂದಕ್ಕ ಹೆಚ್ಚುವರಿ ಪರಿಹಾರ. ಮುಂಬೈ-ನಾಗಪುರ ಸಮೃದ್ಧಿ ಮಹಾಮಾರ್ಗಕ್ಕ ಒಪ್ಪಿ ನೇರ ಮಾರಿದವರಿಗೆ ಮತ್ತ ಶೇ. 25 ಕೊಟ್ರು. ಹಳ್ಳ್ಯಾಗ 2, ಸೊಲೇಶಿಯಂ ಸೇರಿ 4, ಶೇ. 25 ಸೇರಿ 5 ಪಟ್ಟು ಆತು. ಇಲ್ಲಿ ಅಷ್ಟು ಬರೂದಿಲ್ಲ.

ಎ-501: ಹಂಗಾರ ಯಾಕ ನಿಂತದ?

ಸಿ-103: ಆಜೋಬಾಗ ರೊಕ್ಕದ ಬದಲಿ ಟಿಡಿಆರ್ ತಗೋರಿ ಅಂದಾರ, ಅಂದ್ರ ಬ್ಯಾರೆ ಕಡೆ ಹೆಚ್ಚು ಕಟ್ಟೂ ಹಕ್ಕು, ಮಾರಬಹುದು. ನಿನ್ನೆ ಅಲ್ಲೇ ಚಹಾ ಕುಡಕೋತ ಕುಂತಿದ್ದೆ. ಪ್ಲಾಸ್ಟಿಕ್ ಚೀಲದಿಂದ ಸಾತ್‌ಬಾರಾ (ಜಮೀನಿನ ಉತಾರ) ತಗದು ತೋರ್ಸಿದ್ರು, ಮಡಿಕಿ ಮಡಿಕಿಗೆ ಟೇಪ್ ಹಚ್ಚ್ಯಾರ. ‘ರೋಖ ದ್ಯಾ, ರಸ್ತಾ ಘ್ಯಾ’ (ನಗದು ಕೊಡ್ರಿ, ರಸ್ತಿ ತಗೋರಿ) ಅಂದ್ರು, ಅಷ್ಟ.

ಇ-601: ಟಿಡಿಆರ್ ಅಂದ್ರೆ ನಷ್ಟವೇನಲ್ಲ ಮಾರಾಯ್ರೆ. ಆದ್ರೆ ಅದನ್ನು ಬಿಲ್ಡರ್‌ಗೆ ಮಾರ್ಬೇಕು, ಮಾರ್ಕೆಟ್ ಬಿದ್ದಾಗ ಅವನು ಹೇಳಿದ್ದೇ ರೇಟು. ಆ ಪ್ರಾಯದಲ್ಲಿ ಅವರು ಬಿಲ್ಡರ್ ಹಿಂದೆ ಓಡಾಡ್ಬೇಕಾ?

ಡಿ-402: ಮಿತಿ ಅಂದ ಕೂಡ್ಲೆ ನನಗ ತವರು ನೆನಪಾತ್ರಿ. ಆಲಮಟ್ಟಿ ಹಿನ್ನೀರು. ಅಣೆಕಟ್ಟು 519.6ರಿಂದ 524.256 ಮೀಟರಿಗೆ ಏರಸ್ಬೇಕಂತ. ಕೋರ್ಟಿಗೆ ಹೋದವರಿಗೆ ಒಂದು ರೇಟು, ಬಾಜೂ ಹೊಲದವರಿಗೆ ಇನ್ನೊಂದು ಆಗಿತ್ತು. 2025ರ ಸೆಪ್ಟೆಂಬರಿನಾಗ ಕರ್ನಾಟಕ ಸಂಪುಟ ಮುಳುಗೂ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ಕೂಡ್ರಿಸ್ತು. ಅಣ್ಣ ಒಪ್ಪೂಣು ಅಂತಾನ. ನಮ್ಮ ಕಾಕಾ, ಆ ರೊಕ್ಕಕ್ಕ ಅಂಥಾದ ಕಬ್ಬಿನ ಹೊಲ ಎಲ್ಲಿ ಸಿಗ್ತದ ತೋರ್ಸು ಅಂತಾರ. ದೀಪಾವಳಿಗೆ ಹೋದಾಗ ಇಬ್ಬರೂ ಒಂದ ಪಡಸಾಲ್ಯಾಗ ಕುಂತು ಉಂಡ್ರು, ಮಾತಿಲ್ಲ.

ಎ-501: ಅದು ಹೊಲದ ಮಾತ್ರಿ ವೈನಿ. ಪುಣೆದಾಗಿನ ಆಟಾನ ಬ್ಯಾರೆ. ರಸ್ತಿ ಬರ್ತದ ಅಂತ ಸುಳಿವು ಹತ್ತಿದ್ರ ಸಾಕು, ದಲ್ಲಾಳಿಗಳು ತಮ್ಮ ತಮ್ಮೊಳಗ ಹೆಚ್ಚು ರೇಟಿಗೆ ಪತ್ರ ಮಾಡಸ್ತಾರ. ನಿಮ್ಮ ಆ ‘ಸರಾಸರಿ’ ಅಲ್ಲೇ ಏರ್ತದ.

ಸಿ-103: ಇದು ಖರೇ. ಅಂಥಾ ಪತ್ರ ಲೆಕ್ಕದಿಂದ ಬಿಡಾಕ ಕಲೆಕ್ಟರಿಗೆ ಕಾಯ್ದೆದಾಗ ಅಧಿಕಾರ ಅದ. ಅದಕ್ಕ ಮಿತಿ ಬ್ಯಾಡ, ಇದನ್ನ ಕೇಳ್ರಿ: ಯಾವ್ಯಾವ ಪತ್ರ ಹಿಡದು ರೇಟ್ ಕಟ್ಟಿದ್ರಿ, ಯಾವುದು ಬಿಟ್ರಿ, ಯಾದಿ ಹೊರಗ ಹಚ್ಚ್ರಿ. ಎರಡನೇದು, ಮೂರು ಗುಂಟೆಕ್ಕ ಟಿಡಿಆರ್ ಬ್ಯಾಡ, ರೊಕ್ಕನ ಕೊಡ್ರಿ.

ಎ-501: ಆತು, ನನ್ನ ಸಾಲು ತಗೀರಿ. ಆದ್ರ ಯಾದಿ ನೋಡದ ನಾ ಯಾವ ರೇಟಿಗೂ ಹ್ಞೂಂ ಅನ್ನೂದಿಲ್ಲ.

ಬಿ-204: ಡಿ-402 ಅಕ್ಕಾರ, ಮರಾಠಿ ಪ್ರತಿ ನೀವು ಬರೀರಿ. ರವಿವಾರ 10ಕ್ಕ ಗೇಟ್ ಹತ್ರ ಸಹಿ. ಆಜೋಬಾ ಮಾಡ್ತಾರೇನ್ರಿ?

ಸಿ-103: ಓದಿ ಮಾಡ್ತೀನಿ ಅಂದಾರ. ಚಷ್ಮಾ ರಿಪೇರಿಗೆ ಹೋಗ್ಯಾದ, ಶನಿವಾರ ಬರ್ತದ.

ಬಿ-107: ಲಿಫ್ಟ್‌ರೀ?